ಸೀಟಿನ ಮೇಲಿನ ಕರ್ಚೀಫು

ಹೈದರಾಬಾದಿನ ನಮ್ಮ ಕಂಪನಿ ವಿದೇಶದ ಒಂದು ಪ್ರಯೋಗಾಲಯಕ್ಕೆ ಮಿದುಳಿನ ಸ್ಕ್ಯಾನುಗಳನ್ನು ಬಣ್ಣದಲ್ಲಿ ತೋರಿಸುವ ಸಾಫ್ಟ್‌ವೇರ್ ಬರೆದುಕೊಡುತ್ತಿತ್ತು. ಒಂದು ಭಾನುವಾರ ಮಿಯಾಪುರದ ಮನೆಯಲ್ಲಿ ಅದನ್ನೇ ತೆರೆದು ಕೂತಿದ್ದೆ. ಭ್ರಮೆ ಹುಟ್ಟಿಸುವ ಅಣಬೆಯ ಔಷಧ ಕೊಡುವ ಮೊದಲಿನ ಮಿದುಳು ಕೆಂಪಗೆ ಹೊಳೆಯುತ್ತಿತ್ತು. ಕೊಟ್ಟ ಮೇಲಿನದು ಮಂಕಾಗಿತ್ತು.

ಹಿಂದೆ ನಿಂತು ನೋಡುತ್ತಿದ್ದ ಅವ್ವ ಗಾಬರಿಯಾದಳು. "ಗುಳಿಗಿ ತಗೊಂಡ್ರ ತಲ್ಯಾಗ ಹಿಂಗ ಕತ್ತಲಾಗತೈತೇನು?"

ಯಾಕೆ ಕೇಳಿದಳೆಂದು ನನಗೆ ಗೊತ್ತಿತ್ತು. ಖಿನ್ನತೆಗೆಂದು ಡಾಕ್ಟರು ಕೊಟ್ಟ ಗುಳಿಗೆಯನ್ನು ಅವಳು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟು, ಯಾರಿಗೂ ಕಾಣದಂತೆ ನುಂಗುತ್ತಿದ್ದಳು.

"ಕತ್ತಲಲ್ಲಬೇ. ಪಟಾನ್‌ಚೆರು ಬಸ್ಸಿನ್ಯಾಗ ಅಪ್ಪ ಕಿಟಕ್ಯಾಗಿಂದ ಕರ್ಚೀಫ್ ಒಗೆದು ನಮಗ ಸೀಟು ಹಿಡೀತಿದ್ದನಲ್ಲ, ಹಂಗ. ಮಿದುಳಿನ್ಯಾಗ ಸೆರೊಟೋನಿನ್ ಅನ್ನೋ ರಾಸಾಯನಿಕ ಕುಂದ್ರೋ ಸೀಟು ಅದಾವು. ಸ್ಕ್ಯಾನಿಗಂತ ಕೊಡೋ ಹೊಳಿಯೋ ವಸ್ತು ಖಾಲಿ ಸೀಟಿನ್ಯಾಗ ಕುಂದರತೈತಿ. ಔಷಧ ಮೊದಲ ಬಂದು ಕುಂತಿದ್ರ ಅದಕ್ಕ ಜಾಗ ಸಿಗಂಗಿಲ್ಲ, ಹೊಳಪು ಕಾಣಂಗಿಲ್ಲ."

ಅವ್ವ ಪರದೆಯ ಮಂಕು ಮಿದುಳಿನ ಮೇಲೆ ಬೆರಳಿಟ್ಟಳು. "ಹಂಗಾರ ನನ್ನ ತಲಿ ಕೆಟ್ಟಿಲ್ಲ. ಸೀಟಿನ ಗದ್ದಲ ಐತಿ, ಅಷ್ಟ."

ಇದು ಬೇರೆ ಔಷಧ, ನಿನ್ನ ಗುಳಿಗೆ ಮಾಡುವ ಕೆಲಸ ಬೇರೆ ಎನ್ನಲು ಬಾಯಿ ತೆರೆದೆ. ತಪ್ಪು ಕಂಡರೆ ತಿದ್ದದೆ ಬಿಡುವವಳಲ್ಲ ನಾನು. ಅಷ್ಟರಲ್ಲಿ ಎದುರುಮನೆಯಾಕೆ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು. ಅವ್ವ ಮೊಸರು ತಂದುಕೊಟ್ಟು, ಅವರೆದುರೇ ಲೋಟ ಎತ್ತಿ ಗುಳಿಗೆ ನುಂಗಿದಳು. ಯಾತಕ್ಕೆ ಮಾತ್ರೆ ಎಂದು ಅವರು ತೆಲುಗಿನಲ್ಲಿ ಕೇಳಿದರು. ಮನಸ್ಸಿಗೆ ಎಂದು ಅವ್ವ ತನ್ನ ಹರಕು ತೆಲುಗಿನಲ್ಲಿ ಗಟ್ಟಿಯಾಗಿ ಹೇಳಿದಳು.

ನಾನು ತೆರೆದ ಬಾಯಿ ಮುಚ್ಚಿಕೊಂಡೆ.