ಲಿಂಬಿಹಣ್ಣು ತಾನ ಒಡೀತು

ದೋಸ್ತರ, ಗಾಡಿ ರಿಪೇರಿ ಹೆಂಗರೆ ಆಗಲಿ, ಇವತ್ತ ಪೂಜಾ ಮಾತ್ರ ಭಾಳ ಜೋರಾಗಿ ಆತು.

ನಮ್ಮ ಕಾರಿನ ಹಿಂದಿನ ಡಿಸ್ಕ್ ಬ್ರೇಕಿನ ಎರಡೂ ಕ್ಯಾಲಿಪರ್ ಬದಲಿಸಾಕ ಮಗರಪಟ್ಟಾ ಹತ್ರದ ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ಸಂಜಿಗೆ ತರಾಕ ಹೋದ್ರ ಮಾಲಕ ನಾಕೂ ಗಾಲಿ ಮುಂದ ಲಿಂಬಿಹಣ್ಣು ಇಟ್ಟು, ಊದಿನಕಡ್ಡಿ ಬೆಳಗಾಕ ಹತ್ತಿದ್ದ. ನನ್ನ ಹೆಂಡತಿ ಹೋಗಿ ಹಿಂದಿನ ಸೀಟಿನ್ಯಾಗ ಕೂತ್ಲು.

“ಹ್ಯಾಂಡ್‌ಬ್ರೇಕ್ ಹಿಡೀತದೇನು?” ಅಂತ ಮರಾಠಿಯೊಳಗ ಕೇಳಿದೆ.

“ಟೆನ್ಶನ್ ಘೇವೂ ನಕಾ ಸಾಹೇಬ, ಏಕದಮ್ ಟೈಟ್!” ಅಂದ, ಚಿಂತಿ ಮಾಡಬ್ಯಾಡ್ರಿ ಅಂತ. ಗಾಡಿ ಚಾಲೂ ಮಾಡಿ, ಹ್ಯಾಂಡ್‌ಬ್ರೇಕ್ ಎಳದು, ಕೆಳಗ ಇಳದು ಗಾಲಿಗೆ ಅಡ್ಡ ಇದ್ದ ಇಟ್ಟಂಗಿ ತಗದ.

ಗ್ಯಾರೇಜಿನ ಮುಂದ ರಸ್ತೆಕಡೆ ಇಳಿಜಾರು. ಡ್ರೈವರ್ ಇಲ್ಲದ ಗಾಡಿ ತಾನ ಹೊಂಟ್ತು. ನಾಕೂ ಲಿಂಬಿಹಣ್ಣು ಪಚಕ್ ಅಂತ ಒಡದುವು. “ರೀ, ಇದು ಹೊಂಟ್ತಲ್ರಿ!” ಅಂತ ಹೆಂಡತಿ ಚೀರಿದ್ಲು. ಓಡಿ ಹೋಗಿ ಅದ ಇಟ್ಟಂಗಿ ಗಾಲಿಗೆ ಕೊಟ್ಟೆ. ರಸ್ತೆ ಅಂಚಿನ್ಯಾಗ ನಿಂತ್ತು.

ಮಾಲಕಗ ಖುಷಿನs ಖುಷಿ. “ದೃಷ್ಟ ಗೇಲೀ ಸಾಹೇಬ!” ಗಾಡಿಗೆ ತಾಕಿದ್ದ ದೃಷ್ಟಿ ಹೋತಂತ.

ಬಗ್ಗಿ ನೋಡಿದೆ. ಹ್ಯಾಂಡ್‌ಬ್ರೇಕಿನ ಕೇಬಲ್ ಹೊಸ ಕ್ಯಾಲಿಪರಿಗೆ ಹಚ್ಚೇ ಇಲ್ಲ, ಎರಡೂ ಕಡೆ ಜೋತಾಡಾಕ ಹತ್ತಿದ್ದುವು.

ಹೆಂಡತಿ ಇಳದು ಬಂದಾಕಿನ ಮಾಲಕಗ ನಮ್ಮ ಬಿಜಾಪುರದ ಕನ್ನಡದಾಗ ಕೇಳಿದ್ಲು: “ಗಾಡಿ ದೃಷ್ಟಿ ತಗದಿ, ಬರೊಬ್ಬರಿ. ನಿನ್ನ ದೃಷ್ಟಿ ಎಲ್ಲಿ ಇಟ್ಟಿದ್ದಿಪಾ?”

ಅವಗ ಕನ್ನಡ ಬರೂದಿಲ್ಲ. ಆಶೀರ್ವಾದ ಅನ್ಕೊಂಡು ಕೈಮುಗದ. ಮುಗದು, ಮತ್ತ ನಾಕು ಲಿಂಬಿಹಣ್ಣು ತರಾಕ ಒಳಗ ಹೋದ.