ಅತ್ತೆಯನ್ನು ಮನೆಗೆ ತಂದ ಭಾರ

ನನ್ನ ಗಂಡನಿಗೆ ಆ ಗಾಡಿಯ ಮೇಲಿದ್ದ ಪ್ರೀತಿಯಲ್ಲಿ ಕಾಲುಭಾಗ ನನ್ನ ಮೇಲಿದ್ದಿದ್ದರೂ ನಾನು ಇಷ್ಟು ಬಾಯಿ ಮಾಡುವವಳಾಗುತ್ತಿರಲಿಲ್ಲವೇನೋ. ಸಣ್ಣ ಲಾರಿಯ ಚಾಸಿಯ ಮೇಲೆ ತಗಡಿನ ಮೈ ಕಟ್ಟಿದ ಹಳೆಯ ವ್ಯಾನು ಅದು. ತೊಂಬತ್ತರ ದಶಕದ ನಡುವಿನ ಮಾತು. ನಾವು ಹಾವೇರಿ ಕಡೆಯಿಂದ ಬಂದು ರಾಜಗೋಪಾಲನಗರದ ಒಂದು ವಠಾರದ ಮುಂದಿನ ಮನೆಯಲ್ಲಿದ್ದೆವು. ಇವರು ಫೌಂಡ್ರಿಯಿಂದ ಎರಕದ ಸಾಮಾನು ತುಂಬಿಕೊಂಡು ಪೀಣ್ಯದ ಲೇತ್ ಶೆಡ್ಡುಗಳಿಗೆ ಹಾಕಿ ಬರುತ್ತಿದ್ದರು. ಅತ್ತೆ ನಮ್ಮ ಜೊತೆಗೇ ಇದ್ದರು. ಹಿಂದಿನ ಒಂಟಿ ಕೋಣೆಗಳಲ್ಲೆಲ್ಲ ಕಾರ್ಖಾನೆ ಕೆಲಸದವರು.

ವರ್ಷಗಟ್ಟಲೆ ಕಬ್ಬಿಣ ಹೊತ್ತು ಗಾಡಿಯ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಸೋತಿದ್ದವು. ಲೋಡು ಹಾಕಿದರೆ ಹಿಂಭಾಗ ಕುಸಿದು ಟೈರು ತಗಡಿಗೆ ಉಜ್ಜುತ್ತಿತ್ತು. ಇವರು ದೊಡ್ಡ ಲಾರಿಯ ದಪ್ಪ ಪಟ್ಟಿಗಳನ್ನು ಹುಡುಕಿ ತಂದು, ಸ್ಪ್ರಿಂಗ್ ಕೆಲಸದವನ ಶೆಡ್ಡಿನಲ್ಲಿ ಹಳೆಯದನ್ನು ಬಿಚ್ಚಿಸಿ ಹೊಸದನ್ನು ಕಟ್ಟಿಸಿದರು. ಜೊತೆಗೆ ಗಟ್ಟಿ ಶಾಕ್ ಅಬ್ಸಾರ್ಬರ್ ಬೇರೆ. ಊಟದ ಡಬ್ಬಿ ಕೊಡಲು ಹೋದ ನಾನು ಅಲ್ಲೇ ನಿಂತಿದ್ದೆ. ಆ ಮನುಷ್ಯ ಬೋಲ್ಟು ಬಿಗಿ ಮಾಡುತ್ತಾ ಹೇಳಿದ: "ಸಾರ್, ಇದು ಲೋಡಿಗೆ ಮಾಡಿರೋದು. ಖಾಲಿ ಓಡ್ಸಿದ್ರೆ ಎತ್ತಿ ಎತ್ತಿ ಹಾಕತ್ತೆ." ಇವರ ಕಿವಿಗೆ ಮೊದಲನೆಯ ಮಾತು ಮಾತ್ರ ಬಿತ್ತು.

ಗಾಡಿ ಎದೆಯುಬ್ಬಿಸಿಕೊಂಡು ಮನೆಗೆ ಬಂತು. ವಠಾರದವರನ್ನೆಲ್ಲ ಕರೆದು ತೋರಿಸಿದ್ದೂ ಆಯಿತು. ಸೋಮವಾರ ಎಂದಿನಂತೆ ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಯಶವಂತಪುರದ ಗುಡಿಗೆ ಹೊರಟರು. ಹಿಂದೆ ಏನೂ ಇರಲಿಲ್ಲ. ಪೀಣ್ಯದ ಆಗಿನ ರಸ್ತೆಗಳನ್ನು ಬಲ್ಲವರಿಗೆ ಮಿಕ್ಕಿದ್ದನ್ನು ಹೇಳಬೇಕಾಗಿಲ್ಲ. ಅತ್ತೆಯ ತಲೆ ಮೇಲಿನ ತಗಡಿಗೆ ಬಡಿಯಿತು, ಕನ್ನಡಕ ಕಾಲ ಬುಡಕ್ಕೆ ಹೋಯಿತು. ಮನೆಗೆ ಬಂದವರೇ, ಮಗ ಗಾಡಿಯನ್ನು ಕಬ್ಬಿಣಕ್ಕೆಂದು ಮಾಡಿಸಿಕೊಂಡಿದ್ದಾನೆ, ಮನುಷ್ಯರಿಗಲ್ಲ ಎಂದು ಹೇಳಿ ಅಂದಿನಿಂದ ಬಸ್ಸು ಹಿಡಿದರು. ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಆಮೇಲೆ ಬಂದ ಚಳಿಗಾಲದಲ್ಲಿ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಸೊಂಟದ ಕೆಳಗಿನ ಮೂಳೆ ಮುರಿದುಕೊಂಡರು. ಮಲ್ಲೇಶ್ವರದ ಕಡೆಯ ಒಂದು ನರ್ಸಿಂಗ್ ಹೋಮಿನಲ್ಲಿ ಪ್ಲೇಟು ಕೂರಿಸಿದರು. ಮನೆಗೆ ಕಳಿಸುವಾಗ ಡಾಕ್ಟರು ಒಂದೇ ಎಚ್ಚರಿಕೆ ಕೊಟ್ಟರು. ಮೂಳೆ ಮೆತ್ತಗಿದೆ, ಉದ್ದಕ್ಕೆ ಮಲಗಿಸಿಕೊಂಡೇ ಹೋಗಬೇಕು, ಕುಲುಕಾಟದಲ್ಲಿ ಸ್ಕ್ರೂ ಸಡಿಲವಾದರೆ ಈ ವಯಸ್ಸಿನಲ್ಲಿ ಇನ್ನೊಂದು ಆಪರೇಷನ್ ಮಾಡಲಾಗುವುದಿಲ್ಲ, ಮತ್ತೆ ನಡೆಯುವ ಆಸೆ ಬಿಡಬೇಕು ಎಂದರು. ಅಲ್ಲಿನ ಆಂಬ್ಯುಲೆನ್ಸು ರಿಪೇರಿಗೆ ಹೋಗಿತ್ತು. ಟ್ಯಾಕ್ಸಿಯಲ್ಲಿ ಕಾಲು ಚಾಚಲು ಜಾಗವಿಲ್ಲ. ಉಳಿದದ್ದು ನಮ್ಮ ವ್ಯಾನು.

"ಆ ಗಾಡ್ಯಾಗ ಹಾಕಿದ್ರ ನನ್ನ ಕಾಲು ಮುಗೀತು," ಎಂದರು ಅತ್ತೆ. ಎಂದೂ ಯಾರ ಮುಂದೆಯೂ ಅಳದ ಹೆಂಗಸು, ದಿಂಬಿಗೆ ಮುಖ ತಿರುಗಿಸಿಕೊಂಡರು. ನನಗೂ ಅವರಿಗೂ ಮದುವೆಯಾದಾಗಿನಿಂದ ಮಾತಿಗೆ ಮಾತು ನಡೆದೇ ಇತ್ತು. ಆದರೂ ಅವರು ಹಾಗೆ ಹೆದರಿದ್ದನ್ನು ನನ್ನಿಂದ ನೋಡಲಾಗಲಿಲ್ಲ. ಮನೆಯಲ್ಲಿ ಎದುರಿಗೆ ನಿಂತು ಜಗಳವಾಡುವ ಅತ್ತೆಯೇ ನನಗೆ ಬೇಕಾಗಿತ್ತು.

ಇವರು ಪಟ್ಟಿ ಬಿಚ್ಚಿಸಲೆಂದು ಓಡಿದರು. ಸ್ಪ್ರಿಂಗ್ ಕೆಲಸದವನು ರಂಜಾನ್ ಹಬ್ಬಕ್ಕೆ ಊರಿಗೆ ಹೋಗಿದ್ದ, ಶೆಡ್ಡಿಗೆ ಬೀಗ. ಬೇರೆಯವರು ಮುಟ್ಟಲು ಒಪ್ಪಲಿಲ್ಲ. ಮನೆಗೆ ಬಂದು ಬಾಗಿಲ ಮೆಟ್ಟಿಲಲ್ಲಿ ತಲೆಯ ಮೇಲೆ ಕೈಹೊತ್ತು ಕೂತರು. ನಾನು ಎಷ್ಟೋ ಸಲ ಫೌಂಡ್ರಿಯಿಂದ ತುಂಬಿದ ಗಾಡಿಯಲ್ಲಿ ಇವರ ಪಕ್ಕ ಕೂತು ಬಂದಿದ್ದೆ. ಕಬ್ಬಿಣ ತುಂಬಿದ್ದರೆ ಅದೇ ರಸ್ತೆಯಲ್ಲಿ ಅದೇ ಗಾಡಿ ತೂಗಾಡಿಕೊಂಡು ಹೋಗುತ್ತಿತ್ತು, ನನಗೆ ನಿದ್ದೆಯೇ ಬಂದುಬಿಡುತ್ತಿತ್ತು. ಲೋಡು ಹಾಕಿಕೊಂಡೇ ಹೋಗೋಣ ಎಂದೆ. ಕಬ್ಬಿಣ ತುಂಬಿದರೆ ಅವ್ವನನ್ನು ಎಲ್ಲಿ ಮಲಗಿಸಲಿ, ಒಂದು ತುಂಡು ಉರುಳಿದರೆ ಗತಿಯೇನು ಎಂದು ರೇಗಿದರು. ಎದುರಿಗೆ ನಲ್ಲಿಯ ಹತ್ತಿರ ವಠಾರದ ಗಂಡಸರು ಭಾನುವಾರದ ಸ್ನಾನ ಮಾಡುತ್ತಿದ್ದರು. ನಾನು ಅವರನ್ನು ತೋರಿಸಿದೆ.

ಅತ್ತೆಗೆ ಆ ಗಂಡಸರನ್ನು ಕಂಡರಾಗುತ್ತಿರಲಿಲ್ಲ. ನೀರು ಚೆಲ್ಲುತ್ತಾರೆ, ಬೀಡಿ ಸೇದುತ್ತಾರೆ, ಭಾನುವಾರ ಮಾಂಸದ ವಾಸನೆ ನಮ್ಮ ಅಡುಗೆಮನೆಗೆ ನುಗ್ಗುತ್ತದೆ ಎಂದು ದಿನಾ ಒಂದು ತಕರಾರು. ಅವರೂ ಬೆನ್ನ ಹಿಂದೆ ಅತ್ತೆಯನ್ನು ಆಡಿಕೊಳ್ಳುತ್ತಿದ್ದದ್ದು ನನಗೆ ಗೊತ್ತಿತ್ತು. ನಾನು ಹೋಗಿ, ಗಾಡಿಗೆ ಭಾರ ಬೇಕು, ಸುಮ್ಮನೆ ಬಂದು ಕೂರಬೇಕು ಎಂದು ಕೇಳಿದೆ. ಮೊದಲು ನಕ್ಕರು. ವಿಷಯ ತಿಳಿದ ಮೇಲೆ ತಲೆ ಒರೆಸಿಕೊಂಡು ಅಂಗಿ ಹಾಕಿಕೊಂಡರು. ಅಂದು ದಪ್ಪಗಿದ್ದವರಿಗೆ ಎಲ್ಲಿಲ್ಲದ ಮರ್ಯಾದೆ. ಫ್ಯಾಕ್ಟರಿ ಕ್ಯಾಂಟೀನಿನ ಅಡುಗೆಯವನನ್ನಂತೂ ಇವರು, "ಅಣ್ಣ, ನೀವು ಹಿಂದಿನ ಚಕ್ರದ ಅಚ್ಚಿನ ಮೇಲೇ ಕೂರ್ಬೇಕು," ಎಂದು ಕೈಹಿಡಿದು ಹತ್ತಿಸಿದರು. ಇವರು ನಡುವೆ ತುಂಬಿದ ಚೊಂಬು ನೀರಿಟ್ಟು ಬೀದಿಯ ತುದಿಯವರೆಗೆ ಓಡಿಸಿ ನೋಡಿದರು. ಮೊದಲ ಸಲ ನೀರು ಚೆಲ್ಲಿತು. ಪಕ್ಕದ ವಠಾರದಿಂದ ಇನ್ನಷ್ಟು ಜನ ಹತ್ತಿದರು. ಆಮೇಲೆ ಚೆಲ್ಲಲಿಲ್ಲ.

ನರ್ಸಿಂಗ್ ಹೋಮಿನಿಂದ ಸ್ಟ್ರೆಚರಿನ ಮೇಲೆ ಹೊರಗೆ ಬಂದ ಅತ್ತೆ ಅಷ್ಟೂ ಜನ ಕೈಕಟ್ಟಿಕೊಂಡು ನಿಂತದ್ದನ್ನು ಕಂಡು ಬಿಳಿಚಿಕೊಂಡರು. ನನ್ನ ಸೆರಗು ಹಿಡಿದೆಳೆದು ಪಿಸುಗುಟ್ಟಿದರು: "ಇವರೆಲ್ಲ ಯಾಕ ಬಂದಾರವಾ? ಡಾಕ್ಟರ್ ನಿಮಗ ಏನಾರ ಹೇಳ್ಯಾನೇನು?" ಕೊನೆಯ ಸಲ ಮುಖ ನೋಡಿ ಹೋಗಲು ಬಂದಿದ್ದಾರೆಂದುಕೊಂಡಿದ್ದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅವರು ಭಾರಕ್ಕೆ ಬಂದಿದ್ದಾರೆ, ಗಾಡಿ ಕುಲುಕದಿರಲೆಂದು ಬಂದಿದ್ದಾರೆ ಎಂದು ಬಿಡಿಸಿ ಹೇಳಿದೆ. ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡಿದರು.

ನಡುವೆ ಹಾಸಿಗೆ, ಎರಡೂ ಕಡೆ ಕಾಲು ಮಡಚಿಕೊಂಡು ಜನ. ತುಮಕೂರು ರಸ್ತೆ ದಾಟಿ ಪೀಣ್ಯದ ಒಳಗೆ ತಿರುಗಿದ ಮೇಲೆ ಗುಂಡಿಗಳು ಶುರುವಾದವು. ಇವರು ಎತ್ತಿನಗಾಡಿಗಿಂತ ನಿಧಾನವಾಗಿ ಓಡಿಸಿದರು. ಹಿಂದಿನಿಂದ ಲಾರಿಗಳು ಹಾರ್ನು ಬಾರಿಸಿದವು, ನಮ್ಮವರು ಕೈಯಾಡಿಸಿ ಬೈದರು. ಯಾರೂ ಬೀಡಿ ಹಚ್ಚಲಿಲ್ಲ. ಒಂದು ದೊಡ್ಡ ಹಳ್ಳ ಬಂದಾಗ ಅಡುಗೆಯವನು ಕೇಳದೆಯೇ ಅತ್ತೆಯ ಮಂಡಿಯ ಕೆಳಗೆ ತನ್ನ ಅಂಗೈ ಕೊಟ್ಟ. ಮಡಿ ಮಡಿ ಎನ್ನುವ ಅತ್ತೆ ಅದನ್ನು ಸರಿಸಲಿಲ್ಲ. ಗಾಡಿ ಮೆಲ್ಲಗೆ ಇಳಿದು ಮೆಲ್ಲಗೆ ಏರಿತು.

ಮನೆ ಮುಂದೆ ನಿಂತಾಗ ಗಂಡಸರು ಒಬ್ಬೊಬ್ಬರಾಗಿ ಇಳಿದರು. ಒಬ್ಬರು ಇಳಿದ ಹಾಗೆಲ್ಲ ಗಾಡಿ ಒಂದಿಷ್ಟು ಮೇಲೇಳುತ್ತಿತ್ತು. ಮಲಗಿದ್ದ ಅತ್ತೆಗೆ ಅದು ಬೆನ್ನಿಗೇ ತಿಳಿಯುತ್ತಿತ್ತು. ಕೊನೆಗೆ ಅಡುಗೆಯವನೂ ಇಳಿದ ಮೇಲೆ ಒಳಗೆ ನಾವಿಬ್ಬರೇ ಉಳಿದೆವು. ಅತ್ತೆ ನನ್ನ ಕೈ ಹಿಡಿದುಕೊಂಡರು.

"ನಾ ಒಬ್ಬಾಕಿನ ಇದ್ದಿದ್ರ, ನಾ ಒಳಗದೀನಿ ಅಂತ ಈ ಗಾಡಿಗೆ ಗೊತ್ತ ಆಗ್ತಿರಲಿಲ್ಲ ನೋಡವಾ."

ನಾನು ಇನ್ನೊಂದು ಕೈಯಿಂದ ಅವರ ಹೊದಿಕೆ ಸರಿಮಾಡಿದೆ.

ಪಟ್ಟಿ ಬಿಚ್ಚಿಸಲಿಲ್ಲ, ಅದು ನಮ್ಮ ಹೊಟ್ಟೆಪಾಡು. ಎಕ್ಸ್‌ರೇಗೆ ಹೋಗಬೇಕಾದಾಗೆಲ್ಲ ಇವರು ವಠಾರಕ್ಕೆ ಹೋಗಿ ಜನ ಕರೆದು ತರುತ್ತಿದ್ದರು. ಪ್ಲೇಟು ಅಲುಗಿರಲಿಲ್ಲ. ಅತ್ತೆ ಗೋಡೆ ಹಿಡಿದು ನಿಂತರು, ಆಮೇಲೆ ಕೋಲು ಹಿಡಿದು ಕೋಣೆಯೊಳಗೆ ಹೆಜ್ಜೆಯಿಟ್ಟರು. ಅವರು ನಡೆಯುವುದನ್ನು ಹೊರಗಿನವರು ಇನ್ನೂ ಯಾರೂ ಕಂಡಿರಲಿಲ್ಲ. ಮೂಳೆ ಕೂಡಿದೆ, ಇನ್ನು ಮುಂದಿನ ಸೀಟಿನಲ್ಲಿ ಕೂತೇ ಬರಬಹುದು ಎಂದು ಡಾಕ್ಟರು ಹೇಳಿ ಕಳಿಸಿದರು. ಮುಂದಿನ ಸಲ ಇವರು ಖಾಲಿ ಗಾಡಿಯನ್ನೇ ಬಾಗಿಲಿಗೆ ತಂದು ನಿಲ್ಲಿಸಿದರು. ಅತ್ತೆ ಹೊಸಿಲ ಮೇಲೆ ಕೋಲೂರಿ ನಿಂತು, ಹಿಂದೆ ಯಾಕೆ ಯಾರೂ ಇಲ್ಲ ಎಂದು ಕೇಳಿದರು. ನಿಧಾನ ಓಡಿಸುತ್ತೇನೆ, ಇನ್ನು ಭಾರ ಬೇಕಾಗಿಲ್ಲ ಅವ್ವಾ ಎಂದರು ಇವರು.

"ಅವರನ್ನ ಕರಕೊಂಡ ಬಾರಪಾ," ಎಂದರು ಅತ್ತೆ. "ನಾ ನಡಕೊಂಡು ಹತ್ತೂದು ಅವರೂ ನೋಡ್ಲಿ."