ಓಡುವ ಸಾಲನ್ನು ಮುಟ್ಟದ ನೂರಿಯಾ

ಬೆಳಕು ಈಗಷ್ಟೇ ಹರಿಯುತ್ತಿದೆ. ಓರಾನ್ ನಗರದ ಮದೀನಾ ಜದೀದಾ ಮಾರುಕಟ್ಟೆಯ ಹಿಂಬದಿ, ಲಖ್ದರ್‌ನ ಹಾಡಿನ ಸ್ಟುಡಿಯೊದಲ್ಲಿ ನೂರಿಯಾ ಬೆಲ್‌ಹದ್ರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಎದುರಿಗೆ ಪಕ್ಕದ ತಗಡು ಬಿಚ್ಚಿದ ಕಂಪ್ಯೂಟರ್. ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಮೇಲೇರಿ ಒಂದು ಕಡೆ ಗಕ್ಕನೆ ನಿಲ್ಲುತ್ತವೆ. ನೂರಿಯಾ ಆ ಕೊನೆಯ ಸಾಲನ್ನು ಓದಿ, ಯಂತ್ರವನ್ನು ಆರಿಸುತ್ತಾರೆ.

ಸೋಫಾದ ಮೇಲೆ ಹಾಜ್ಜಾ ಖೈರಾ, ಕೊರಳಿಗೆ ಉಣ್ಣೆಯ ವಸ್ತ್ರ. ಮದುವೆಮನೆಗಳಲ್ಲಿ ಹೆಂಗಸರ ಮೇಳ ಕಟ್ಟಿ ಹಾಡಿಕೊಂಡೇ ಮುದುಕಿಯಾದವರು. ಇವತ್ತು ಸಂಜೆ ಆಸ್ಪತ್ರೆ ಸೇರಬೇಕು, ನಾಳೆ ಗಂಟಲಿನ ಆಪರೇಷನ್. ಆಮೇಲೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ತಾವೇ ಕಟ್ಟಿದ ಹಾಡಿನ ಕೊನೆಯ ಚರಣವೊಂದು ಬಾಕಿ. ಮೊದಲೇ ಮುದ್ರಿಸಿಟ್ಟ ಮೇಳದ ಡೋಲು, ಗೆಳತಿಯರ ಸೊಲ್ಲು ಎಲ್ಲವೂ ನಿನ್ನೆಯಿಂದ ಏಳಲೊಲ್ಲದ ಈ ಯಂತ್ರದೊಳಗಿವೆ.

"ಫೋನಲ್ಲೇ ಹಾಡಿಬಿಡಿ ಅಂದೆ, ಕೇಳಲ್ಲ" ಎನ್ನುತ್ತಾನೆ ಲಖ್ದರ್.

"ಮೇಳ ಬಿಟ್ಟು ಒಬ್ಬಳೇ ಹಾಡೋಕೆ ನಾನೇನು ಬಚ್ಚಲಲ್ಲಿದ್ದೀನಾ?" ಹಾಜ್ಜಾ ಗದರುತ್ತಾರೆ.

ಇದು ಸಂತೆಯ ಬಿಡಿಭಾಗ ಕೂಡಿಸಿ ಲಖ್ದರ್ ತಾನೇ ಕಟ್ಟಿಕೊಂಡ ಕಂಪ್ಯೂಟರ್. ಒಳಗಿರುವ ಆಪರೇಟಿಂಗ್ ಸಿಸ್ಟಮ್ಮಾದರೋ ಬೇರೊಂದು ಕಂಪನಿ ತನ್ನ ದುಬಾರಿ ಯಂತ್ರಗಳಿಗಷ್ಟೇ ಮಾಡಿಕೊಂಡದ್ದು. ಆ ಯಂತ್ರ ಕೊಳ್ಳುವ ತಾಕತ್ತು ಇಲ್ಲಿನ ಸ್ಟುಡಿಯೊಗಳಿಗಿಲ್ಲ. ಧ್ವನಿಮುದ್ರಣದ ಪ್ರೋಗ್ರಾಮಾದರೋ ಆ ಸಿಸ್ಟಮ್ಮನ್ನು ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ. ಹಾಗಾಗಿ ಬೂಟ್‌ಲೋಡರ್ ಬೇಕು. ಯಂತ್ರ ಕಣ್ಣು ಬಿಡುತ್ತಲೇ ಓದಿಕೊಳ್ಳುವ ಈ ಸೂಚನೆಗಳು, 'ನೀನು ನಿನ್ನ ಮನೆಯಲ್ಲೇ ಇದ್ದೀಯ' ಎಂದು ಸಿಸ್ಟಮ್ಮನ್ನು ನಂಬಿಸುತ್ತವೆ. ಕೆಟ್ಟರೆ ಕಂಪನಿ ತಿರುಗಿಯೂ ನೋಡದು. ಆಗ ನೆನಪಾಗುವವರು ನೂರಿಯಾ.

ಮೊದಲು ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆ ಹೊಲಿಯುತ್ತಿದ್ದರು. ಅದು ಮುಚ್ಚಿದ ಮೇಲೆ ರಿಪೇರಿ ಅಂಗಡಿಯೊಂದರಲ್ಲಿ ಧೂಳು ಹೊಡೆಯುವ ಕೆಲಸ. ಅಲ್ಲಿ ಬಿಸಾಡಿದ ಯಂತ್ರಗಳನ್ನು ಬಿಚ್ಚಿ ಕೂಡಿಸುತ್ತ ಕಲಿತರು, ಈಗ ಅಂಗಡಿ ಅವರದೇ. "ಮೊದಮೊದಲು ಜನ ಬಂದು, ಯಜಮಾನರೆಲ್ಲಿ ಅಂತ ಕೇಳೋರು. ಊಟಕ್ಕೆ ಹೋಗಿದಾರೆ ಅಂತಿದ್ದೆ. ಅವರು ಕಾಯ್ತಾ ಕೂತಿರೋವಾಗಲೇ ಯಂತ್ರ ಸರಿ ಆಗ್ತಿತ್ತು." ಈಗ ದಿನಕ್ಕೆ ನಾಲ್ಕೈದು ಯಂತ್ರಗಳು ಅವರ ಕೈ ದಾಟುತ್ತವೆ. ಬಿಡುವಿಲ್ಲ, ಹೆಸರೂ ಇಲ್ಲ.

ಲಖ್ದರ್ ಕಡಲೆಹಿಟ್ಟಿನ ಬಿಸಿ ಕರಂತಿಕಾವನ್ನು ಬ್ರೆಡ್ಡಿನೊಳಗಿಟ್ಟು ತಂದಿದ್ದಾನೆ. ಎಡಗೈಯಲ್ಲಿ ತಿನ್ನುತ್ತಲೇ ನೂರಿಯಾ ವಿಚಾರಣೆ ನಡೆಸುತ್ತಾರೆ.

"ಏನು ಮಾಡಿದೆ, ಸತ್ಯ ಹೇಳು."

"ಸಿಸ್ಟಮ್ಮಿನ ಹೊಸ ವರ್ಷನ್ ಹಾಕಿದೆ, ಏಳಲಿಲ್ಲ. ಗೆಳೆಯನ ಬೂಟ್‌ಲೋಡರ್ ಫೋಲ್ಡರ್ ತಂದು ಹಾಕಿದೆ, ಅಕ್ಕ."

"ಹಳೇದು?"

"ಅದರ ಮೇಲೇ ಹಾಕಿಬಿಟ್ಟೆ."

ಇಲ್ಲಿ ಎಲ್ಲರೂ ಮಾಡುವ ತಪ್ಪು ಇದೇ. ಪಕ್ಕದ ಮನೆಯಿಂದ ಹೆಪ್ಪು ತರುವಂತೆ, ಒಬ್ಬನಲ್ಲಿ ಓಡಿದ ಫೋಲ್ಡರನ್ನು ಇನ್ನೊಬ್ಬ ಕೇಳಿ ತರುತ್ತಾನೆ. "ಹೆಪ್ಪು ಯಾರ ಮನೇದಾದ್ರೂ ಮೊಸರಾಗುತ್ತೆ. ಇದು ಆಗಲ್ಲ ಕಣೋ, ಅವನ ಯಂತ್ರದ ಮೈಕಟ್ಟೇ ಬೇರೆ" ಎನ್ನುತ್ತಾರೆ ನೂರಿಯಾ.

ಅವರ ಕ್ರಮ ಕಟ್ಟುನಿಟ್ಟು. ಹಾಡುಗಳಿರುವ ಡಿಸ್ಕಿಗೆ ಕೈ ಹಚ್ಚುವುದಿಲ್ಲ. ಬೂಟ್‌ಲೋಡರನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು, ತಮ್ಮ ಲ್ಯಾಪ್‌ಟಾಪಿನಲ್ಲಿ ಅದರ ಒಂದೇ ಒಂದು ಸಾಲು ತಿದ್ದಿ, ಡ್ರೈವನ್ನು ಯಂತ್ರಕ್ಕೆ ಚುಚ್ಚಿ, ಎಬ್ಬಿಸಿ ನೋಡುತ್ತಾರೆ. "ಎರಡು ಸಾಲು ಒಟ್ಟಿಗೆ ಬದಲಾಯಿಸಿದ್ರೆ ಯಾವುದು ಕೆಲಸ ಮಾಡ್ತು ಅಂತ ಗೊತ್ತಾಗಲ್ಲ. ಓಡ್ತಿರೋ ಸಾಲನ್ನಂತೂ ಮುಟ್ಟಲೇಬಾರದು."

ಮಧ್ಯಾಹ್ನದ ಹೊತ್ತಿಗೆ ಪರದೆಯಲ್ಲಿ ಚಿತ್ರ ಮೂಡುತ್ತದೆ. ಲಖ್ದರ್ ಚಪ್ಪಾಳೆ ತಟ್ಟುತ್ತಾನೆ. ಆದರೆ ಕೀಬೋರ್ಡು ಸತ್ತಿದೆ, ಮೈಕಿನ ಪೆಟ್ಟಿಗೆಯೂ ಸತ್ತಿದೆ. ಗೆಳೆಯನ ಫೋಲ್ಡರಿನಲ್ಲಿ ಅವನ ಯಂತ್ರದ ಯುಎಸ್‌ಬಿ ತೂತುಗಳ ನಕ್ಷೆಯಿತ್ತು. ಅದನ್ನು ನಂಬಿದ ಸಿಸ್ಟಮ್ಮು ಇಲ್ಲಿನ ತೂತುಗಳನ್ನೆಲ್ಲ ಮುಚ್ಚಿಕೊಂಡಿದೆ.

"ಸಾಕು ಬಿಡಿ, ಅಕ್ಕ. ಇನ್ನು ಆಗಲ್ಲ." ಲಖ್ದರ್‌ನ ಮುಖ ಬಾಡಿದೆ.

ನೂರಿಯಾ ತಲೆಯನ್ನೂ ಎತ್ತುವುದಿಲ್ಲ. "ಸಾಕು ಅಂತ ಹಾಜ್ಜಾ ಹೇಳ್ಲಿ."

ಹಾಜ್ಜಾ ಸೋಫಾ ಬಿಟ್ಟು, ಮಂಡಿ ಹಿಡಿದುಕೊಂಡು ಯಂತ್ರದ ಹಿಂದೆ ಬಂದು ಕೂರುತ್ತಾರೆ. ಆ ನಕ್ಷೆ ತೆಗೆದುಹಾಕಿದ ನೂರಿಯಾ ಹೊಸದನ್ನು ಬರೆಯಬೇಕು; ಯಾವ ತೂತು ಯಾವುದೆಂದು ತಿಳಿಯಲು, ಅವರು ಹೇಳಿದ ತೂತಿಗೆಲ್ಲ ಹಾಜ್ಜಾ ಇನ್ನೊಂದು ಪೆನ್ ಡ್ರೈವ್ ಚುಚ್ಚಿ ತೆಗೆಯುತ್ತಾರೆ. "ನನ್ನ ಗಂಟಲಿಗೂ ಡಾಕ್ಟರು ಹೀಗೇ ಚುಚ್ಚಿ ಚುಚ್ಚಿ ನೋಡಿದ್ರು, ಮಗಳೇ. ನೀನಾದ್ರೂ ಏನಾದ್ರೂ ಉಳಿಸು."

ಸಂಜೆ ಆಸ್ಪತ್ರೆಗೆ ಕರೆದೊಯ್ಯುವ ಕಾರು ಹೊರಗೆ ಹಾರ್ನ್ ಹೊಡೆಯುತ್ತಿರುವಾಗ ಮೈಕಿನ ಪೆಟ್ಟಿಗೆಯ ಹಸಿರು ದೀಪ ಹತ್ತುತ್ತದೆ. ಹಾಜ್ಜಾ ಹೆಡ್‌ಫೋನ್ ಏರಿಸಿಕೊಳ್ಳುತ್ತಾರೆ.

ಓರಾನಿನ ಮದುವೆಗಳಲ್ಲಿ ಹಾಡಿನ ನಡುವೆ ಹೆಸರು ಕೂಗುವ ಪದ್ಧತಿಯಿದೆ. ಮೇಳಕ್ಕೆ ನೋಟು ಇಟ್ಟವರ ಹೆಸರನ್ನು ಹಾಡುಗಾತಿ ಊರಿಗೆಲ್ಲ ಕೇಳುವಂತೆ ಸಾರುತ್ತಾಳೆ. ನೂರಿಯಾ ಯಾವತ್ತೂ ನೋಟು ಇಟ್ಟವರಲ್ಲ, ಅವರ ಹೆಸರನ್ನು ಯಾರೂ ಕೂಗಿಲ್ಲ. ಚರಣದ ನಟ್ಟನಡುವೆ ಹಾಜ್ಜಾ ಖೈರಾ ಉಸಿರೆಳೆದು ಕೂಗುತ್ತಾರೆ: "ಇದು ನೂರಿಯಾಗೆ, ನನ್ನ ಬಾಯಿ ತೆರೆಸಿದ ಮಗಳಿಗೆ." ನೂರಿಯಾ ಸ್ಕ್ರೂಗಳನ್ನು ಹುಡುಕುವವರಂತೆ ಬಗ್ಗಿ ಕಣ್ಣೊರೆಸಿಕೊಳ್ಳುತ್ತಾರೆ.

ಆಪರೇಷನ್ ಮುಗಿದು ಹಾಜ್ಜಾ ಈಗ ಮನೆಗೆ ಬಂದಿದ್ದಾರೆ, ಕೈಸನ್ನೆಯಲ್ಲೇ ಮಾತು, ಕೈಸನ್ನೆಯಲ್ಲೇ ಗದರಿಕೆ. ಲಖ್ದರ್ ಹಾಡಿಗೆ ಕೊನೆಯ ನಯ ಕೊಡುತ್ತಿದ್ದಾನೆ. ಹೆಸರು ಕೂಗಿದ ಕಡೆ ತಾಳ ಅರ್ಧ ಪೆಟ್ಟು ತಪ್ಪಿದೆ.

"ಇಷ್ಟನ್ನು ಕತ್ತರಿಸಿಬಿಟ್ರೆ ಸರಿಹೋಗುತ್ತೆ. ತೆಗೀಲಾ, ಅಕ್ಕ?"

ಯಂತ್ರಕ್ಕೆ ತಗಡು ಕೂರಿಸುತ್ತಿರುವ ನೂರಿಯಾ ಸ್ಕ್ರೂ ಡ್ರೈವರ್ ನಿಲ್ಲಿಸುತ್ತಾರೆ.

"ಓಡ್ತಿರೋ ಸಾಲು ಅದು. ಮುಟ್ಟಬೇಡ."